ಬೀರೂರು ದಾಟಿದ ಮೇಲೆ ನಿಲ್ಲುವ ತಂಪು

ಮಾರ್ಚ್ ೫, ಬುಧವಾರ

ಕಡೂರಿನ ಮನೆಯಿಂದ ತರೀಕೆರೆಗೆ ಹೋಗುವಾಗ ಇಂದೂ ಬೀರೂರು ದಾಟಿದ ಮೇಲೆ ಕಾರಿನ ತಂಪು ನಿಂತಿತು. "ಎ.ಸಿ. ಆಫ್ ಆಯ್ತು ಸಾರ್" ಎಂದು ಚಾಲಕಿ ಕೋಮಲಾ ವರದಿ ಮಾಡಿದಳು. ಈ ಮಾತು ಸರಿಯಲ್ಲ. ಗುಂಡಿಯ ಹಸಿರು ದೀಪ ಉರಿಯುತ್ತಿತ್ತು, ಕಿಂಡಿಗಳಿಂದ ಗಾಳಿಯೂ ಬೀಸುತ್ತಿತ್ತು. ಆದರೆ ಅದು ಒಲೆಯ ಮುಂದೆ ಕುಳಿತವರ ಮುಖಕ್ಕೆ ಬಡಿಯುವ ಗಾಳಿಯಾಗಿತ್ತು. ನಿಂತದ್ದು ತಂಪು, ಯಂತ್ರವಲ್ಲ. ಇದನ್ನು ಆಕೆಗೆ ತಿಳಿಸಿದೆ. "ಸರಿ ಸಾರ್, ಎ.ಸಿ. ಆನ್ ಐತೆ, ಬಿಸಿ ಗಾಳಿ ಬತ್ತೈತೆ" ಎಂದು ತಿದ್ದಿಕೊಂಡಳು. ಆ ತಿದ್ದುಪಡಿಯಲ್ಲಿ ವಿನಯವೆಷ್ಟು, ಗೇಲಿಯೆಷ್ಟು ಎಂಬುದು ತಿಳಿಯಲಿಲ್ಲ.

ತರೀಕೆರೆ ತಲುಪುವಷ್ಟರಲ್ಲಿ ಹಿಂದಿನ ಆಸನದಲ್ಲಿದ್ದ ನನ್ನ ಪತ್ನಿ ಸೀತಾದೇವಿಯ ಎಡಗಾಲು ಸೋತಿತ್ತು. ಆಕೆಯದು ನರಗಳ ಹೊದಿಕೆ ಸವೆಯುವ ಕಾಯಿಲೆ. ಮೈಯ ಶಾಖ ತುಸು ಏರಿದರೂ ಕೈಕಾಲುಗಳು ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ. ಕಳೆದ ಬೇಸಗೆಯಲ್ಲಿ ವ್ಯಾಯಾಮ ತಪ್ಪಿಹೋಗಿ ಎಡಗಾಲಿನ ಬಲ ಬಹುಪಾಲು ಇಳಿಯಿತು. ಈ ಬೇಸಗೆ ಬುಧವಾರ ಮಧ್ಯಾಹ್ನ ಮತ್ತು ಶನಿವಾರ ಬೆಳಗ್ಗೆ ತಪ್ಪದೆ ಬಂದರೆ ನಡಿಗೆ ಉಳಿಯುತ್ತದೆ, ತಪ್ಪಿದರೆ ಹೋದದ್ದು ಮರಳುವುದಿಲ್ಲ ಎಂದು ವ್ಯಾಯಾಮ ಮಾಡಿಸುವ ತನುಜಾ ಹೇಳಿದ್ದಾರೆ. ಆದ್ದರಿಂದಲೇ ಜನವರಿಯಲ್ಲಿ ಈ ಹಳೆಯ ಕಾರನ್ನು ಕೊಂಡದ್ದು. ನನ್ನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಎದುರಿನ ಬೆಳಕು ಸಹಿಸದು. ಆದ್ದರಿಂದಲೇ ಅಜ್ಜಂಪುರದ ಕೋಮಲಾ.

ಇಂದು ತನುಜಾ ವ್ಯಾಯಾಮ ಮಾಡಿಸಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಮಲಗಿಸಿದರು. "ಇವರನ್ನ ತಣ್ಣಗೆ ಕರ್ಕೊಂಡು ಬನ್ನಿ ಸಾರ್, ಬೇಯ್ಸ್ಕೊಂಡು ತರಬೇಡಿ" ಎಂದರು. ಉಪಮೆ ಒರಟು. ಆಕ್ಷೇಪಿಸಲು ಆಧಾರವಿರಲಿಲ್ಲ.

ಮಾರ್ಚ್ ೬, ಗುರುವಾರ

ಕಾರನ್ನು ಮಾರಿದ ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಷಣ್ಮುಖಪ್ಪನವರಿಗೆ ದೂರವಾಣಿ ಮಾಡಿದೆ. ದೋಷವನ್ನು ಮುಚ್ಚಿಟ್ಟು ಮಾರಿದಿರಾ ಎಂದು ನೇರವಾಗಿಯೇ ಕೇಳಿದೆ.

"ಮೇಷ್ಟ್ರೇ, ನಮ್ ಕಾರಲ್ಲಿ ಕೂತ್ರೆ ನಮ್ಮತ್ತೆ ಕಂಬ್ಳಿ ಕೇಳ್ತಿದ್ರು. ಅಷ್ಟ್ ಕೂಲಿಂಗ್ ಹೊಡೀತಿತ್ತು."

"ಹಾಗಿದ್ದಲ್ಲಿ ಮಾರಿದ್ದೇಕೆ?"

"ಅತ್ತೆ ತೀರ್ಕೊಂಡ್ರಲ್ಲ. ಇನ್ಯಾಕೆ ಅಂತ."

ಇಂಥ ಉತ್ತರದ ಮುಂದೆ ವಿಚಾರಣೆ ಮುಂದುವರಿಯುವುದಿಲ್ಲ ಎಂಬುದನ್ನು ಆತ ಬಲ್ಲ. ಅದಕ್ಕೇ ಅಷ್ಟು ಬೇಗ ಹೇಳಿದ.

ಮಾರ್ಚ್ ೮, ಶನಿವಾರ

ಶನಿವಾರ ಬೆಳಗ್ಗೆ ನಿವೃತ್ತ ನೌಕರರ ಸಂಘದ ಸಭೆ ಇರುವುದರಿಂದ ನಾನು ತರೀಕೆರೆಗೆ ಹೋಗುವುದಿಲ್ಲ. ಹೆಂಗಸರಿಬ್ಬರೇ ಹೊತ್ತಿಗೆ ಮುಂಚೆ ಹೊರಟು ಹೋಗಿಬರುತ್ತಾರೆ. ಹಿಂದಿರುಗಿದಾಗ ಸೀತಾದೇವಿಯ ಮುಖ ಗೆಲುವಾಗಿತ್ತು.

"ತಂಪು ನಿಂತಿತೇ?"

"ಇಲ್ವಲ್ಲ. ಚೆನ್ನಾಗಿತ್ತು."

"ದಾರಿಯುದ್ದಕ್ಕೂ?"

"ದಾರಿಯುದ್ದಕ್ಕೂ ಕಣ್ರೀ. ಪ್ರಮಾಣ ಮಾಡ್ಬೇಕಾ?"

ನಾನಿದ್ದಾಗ ಕೆಡುವ ಯಂತ್ರ ನಾನಿಲ್ಲದಾಗ ಕೆಡುವುದಿಲ್ಲ. ಮೇಲ್ವಿಚಾರಕ ಹೊರಗೆ ಹೋದಾಗ ಒಂದು ರೀತಿ, ಒಳಗೆ ಬಂದಾಗ ಇನ್ನೊಂದು ರೀತಿ ವರ್ತಿಸುವ ವಿದ್ಯಾರ್ಥಿಗಳನ್ನು ಬಹಳ ನೋಡಿದ್ದೇನೆ. ಯಂತ್ರಕ್ಕೆ ಆ ಬುದ್ಧಿಯಿಲ್ಲ. ಬುದ್ಧಿಯಿರುವುದು ಮನುಷ್ಯರಿಗೆ. ಹಾಗಾದರೆ ಯಾರು?

ಕೋಮಲಾಳ ಬಳಿ ಬೀಗದ ಕೈಯ ಇನ್ನೊಂದು ಪ್ರತಿಯಿದೆ. ಕಾರು ನಿಲ್ಲುವುದು ಬೀದಿಯಲ್ಲಿ. ನಮ್ಮ ಕಣ್ಣು ತಪ್ಪಿಸಿ ಬೇರೆ ಬಾಡಿಗೆಗೆ ಒಯ್ದು ಯಂತ್ರವನ್ನು ದಣಿಸುತ್ತಿದ್ದಾಳೆಯೇ ಎಂಬುದನ್ನು ತಳ್ಳಿಹಾಕುವಂತಿಲ್ಲ. ಇಂದು ಸಂಜೆಯಿಂದ ಒಂದು ವ್ಯವಸ್ಥೆ ಮಾಡಿದ್ದೇನೆ. ಕಾರು ಬಂದು ನಿಂತ ಮೇಲೆ ಬಾನೆಟ್ ಎತ್ತಿ ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚುತ್ತೇನೆ. ಆಕೆ ಬರುವ ಮೊದಲು ಮತ್ತೆ ಜೋಡಿಸುತ್ತೇನೆ. ತಂತಿಯಿಲ್ಲದೆ ಯಾರೂ ಕಾರನ್ನು ಚಾಲನೆ ಮಾಡಲಾರರು. ಇದನ್ನು ಯಾರಿಗೂ ತಿಳಿಸಿಲ್ಲ.

ಮಾರ್ಚ್ ೧೩, ಗುರುವಾರ

ನಿನ್ನೆ ಮತ್ತೆ ಅದೇ ಕಥೆ. ಆದಕಾರಣ ಇಂದು ಕೋಮಲಾಳನ್ನು ಕರೆದುಕೊಂಡು ತರೀಕೆರೆಯ ಹೊನ್ನೇಶನ ಅಂಗಡಿಗೆ ಹೋದೆ. ಕಾರುಗಳ ವಿದ್ಯುತ್ ಕೆಲಸ ಮತ್ತು ಎ.ಸಿ. ಕೆಲಸ ಅವನದು. ಮಾತು ಧಾರಾಳ. ಬಾನೆಟ್ ಎತ್ತುವ ಮೊದಲೇ "ಅರ್ಧ ಗಂಟೆ ಕೆಲ್ಸ ಮೇಷ್ಟ್ರೇ, ಟೀ ಕುಡೀರಿ" ಎಂದ.

ಅವನು ವಿವರಿಸಿದ ಪ್ರಕಾರ, ತಂಪಿನ ವ್ಯವಸ್ಥೆಯನ್ನು ನಡೆಸಲು ಕಾರಿನೊಳಗೆ ಒಂದು ಸಣ್ಣ ಪೆಟ್ಟಿಗೆಯಿದೆ. ಯಾವುದೇ ತಂತಿ ಅಥವಾ ಸೆನ್ಸರ್ ತಪ್ಪಿದರೆ ಪೆಟ್ಟಿಗೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಎಂಬ ಉಪಕರಣವನ್ನು ಚುಚ್ಚಿದರೆ ಆ ತಪ್ಪು ಒಂದು ಸಂಖ್ಯೆಯಾಗಿ ತೆರೆಯ ಮೇಲೆ ಬರುತ್ತದೆ. ಅವನು ಇದನ್ನು ಕೋಡ್ ಎನ್ನುತ್ತಾನೆ. ಚುಚ್ಚಿದ. ಏನೂ ಬರಲಿಲ್ಲ.

"ಕೋಡೇ ಇಲ್ಲ. ಅಂದ್ರೆ ಏನೂ ಆಗಿಲ್ಲ."

"ನಿನ್ನೆ ಆಗಿದೆ. ನನ್ನ ಪತ್ನಿಗೆ ಕಾಲೆತ್ತಲಾಗಲಿಲ್ಲ."

"ಆಗಿದ್ರೆ ಬರ್ಕೊಂಡಿರ್ಬೇಕಿತ್ತು. ಇದು ಸುಳ್ಳು ಹೇಳಲ್ಲ ಮೇಷ್ಟ್ರೇ."

ಅಂದರೆ ಸುಳ್ಳು ಹೇಳುವವನು ನಾನು. ಅವನ ಅಂಗಡಿಯ ಮುಂದೆ ಕಾರು ನಿಂತೇ ಗುಡುಗುಡು ಎನ್ನುತ್ತಿತ್ತು. ಒಳಗೆ ಮಾಗಿಯ ಚಳಿ. ಕೋಮಲಾ ನಡುವೆ ಬಾಯಿ ಹಾಕಿ, "ಅಣ್ಣ, ಇದ್ರ ಗಡಿಯಾರ ನಾನ್ ಬಂದ್ ದಿನೆಲ್ಲಾ ಹನ್ನೆರಡು ತೋರಿಸ್ತದೆ, ಯಾಕೆ?" ಎಂದಳು. ನನ್ನ ಕಡೆ ನೋಡಲಿಲ್ಲ. ನೋಡದಿದ್ದುದೇ ನನಗೆ ಎದ್ದು ಕಂಡಿತು. ಹಳೆಯ ಕಾರು, ಗಡಿಯಾರ ಹಾಗೆಯೇ ಬಂದದ್ದು ಎಂದು ನಾನೇ ಉತ್ತರಿಸಿ ಮಾತು ಮುಗಿಸಿದೆ. ಭದ್ರತೆಯ ವಿಷಯವನ್ನು ಅಂಗಡಿಯಲ್ಲಿ ಚರ್ಚಿಸುವುದು ಅನುಚಿತ.

ಮಾರ್ಚ್ ೧೯, ಬುಧವಾರ

ನಿಂತಿತು. ಇಂದೂ ವ್ಯಾಯಾಮವಿಲ್ಲ.

ಮಾರ್ಚ್ ೨೦, ಗುರುವಾರ

ಹೊನ್ನೇಶ ರಿಲೇ ಎಂಬ ಸಣ್ಣ ಬಿಡಿಭಾಗವೊಂದನ್ನು ಬದಲಿಸಿದ. "ಇದೇ ಇರ್ಬೇಕು" ಎಂದ. ಇರಬೇಕು ಎಂಬುದು ಊಹೆ, ಇದೆ ಎಂಬುದು ನಿರ್ಣಯ. ಯಾವುದನ್ನು ಹೇಳುತ್ತಿದ್ದೀ ಎಂದು ಕೇಳಿದೆ.

"ಅಯ್ಯೋ, ಕೋಡ್ ಇಲ್ದಿದ್ರೆ ನಾನೇನ್ ಕಣಿ ಹೇಳ್ಲಾ ಮೇಷ್ಟ್ರೇ. ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿ ಒಂದೊಂದೇ ವೈರ್ ಹುಡುಕ್ಬೇಕು. ಬಿಡ್ತೀರಾ ಒಂದ್ ವಾರ?"

ಬಿಡುವುದಿಲ್ಲ ಎಂದೆ. ಒಂದು ವಾರ ಕಾರು ಅವನ ಬಳಿಯಿದ್ದರೆ ಎರಡು ವ್ಯಾಯಾಮಗಳು ತಪ್ಪುತ್ತವೆ. ಅಲ್ಲದೆ ಒಂದು ದೋಷವಿರುವ ಕಾರು ನಾಲ್ಕು ದೋಷಗಳೊಂದಿಗೆ ಹೊರಬರುವ ಸಾಧ್ಯತೆಯಿದೆ. ತನ್ನ ಅಂಗಡಿಯಲ್ಲಿ ಸರಿಯಿದ್ದು ರಸ್ತೆಯಲ್ಲಿ ಕೆಡುವಂತೆ ಮಾಡುವ ಉಪಾಯ ಅವನಿಗೆ ಗೊತ್ತಿಲ್ಲವೆಂದು ಹೇಗೆ ನಂಬುವುದು?

ಮಾರ್ಚ್ ೨೨, ಶನಿವಾರ

ಒಂದು ಹೊಸ ಅಂಶ. ಮೀಟರಿನ ಅಂಕಿಯನ್ನು ಬೆಳಗ್ಗೆ ನೋಡಿಟ್ಟುಕೊಂಡಿದ್ದೆ. ಮಧ್ಯಾಹ್ನ ಮತ್ತೆ ನೋಡಿದೆ. ತರೀಕೆರೆಗೆ ಹೋಗಿ ಬರಲು ಎಷ್ಟು ಆಗುತ್ತದೆಯೆಂಬುದು ನನಗೆ ಬಾಯಿಪಾಠ. ಅದಕ್ಕಿಂತ ಗಣನೀಯವಾಗಿ ಹೆಚ್ಚಾಗಿದೆ. ಕೋಮಲಾ ಸೀತಾದೇವಿಯನ್ನು ತನುಜಾರ ಬಳಿ ಬಿಟ್ಟು, ಆ ಹೊತ್ತಿನಲ್ಲಿ ಕಾರನ್ನು ತನ್ನ ಕೆಲಸಕ್ಕೆ ಓಡಿಸಿದ್ದಾಳೆ; ಬೇರೆ ವಿವರಣೆಯಿಲ್ಲ.

ಇನ್ನೊಂದು ಅಂಶವನ್ನೂ ದಾಖಲಿಸಬೇಕು. ಕಾರು ಗೇಟಿನ ಮುಂದೆ ನಿಂತಾಗ ಒಳಗಿನಿಂದ ನಗು ಕೇಳುತ್ತಿತ್ತು. ನಾನು ಬಾಗಿಲು ತೆರೆದೆ. ಇಬ್ಬರೂ ಸುಮ್ಮನಾದರು. ಸೀತಾದೇವಿಯ ಸೀರೆಯಂಚಿನಲ್ಲಿ ಒಣಹುಲ್ಲಿನ ಮುಳ್ಳುಗಳು ಕಚ್ಚಿಕೊಂಡಿದ್ದವು. ತನುಜಾರ ಕೋಣೆಯ ನೆಲಕ್ಕೆ ಟೈಲ್ಸ್ ಹಾಕಿಸಿದ್ದಾರೆ.

"ಇದೆಲ್ಲಿಂದ ಬಂತು?" ಎಂದೆ.

"ಎಲ್ಲೋ ಅಂಟ್ಕೊಂಡಿರ್ಬೇಕು" ಎಂದಳು ಸೀತಾದೇವಿ.

ಮಾರ್ಚ್ ೨೬, ಬುಧವಾರ

ದಾರಿಯಲ್ಲಿ ಎಲ್ಲ ಕಿಟಕಿಗಳನ್ನು ಇಳಿಸಿ, ಮಂಜುಗಡ್ಡೆಯ ಚೀಲವನ್ನು ಕತ್ತಿನ ಹಿಂದೆ ಇಟ್ಟು ಕರೆದೊಯ್ದೆವು. ಚೀಲ ತರೀಕೆರೆಗೆ ಮೊದಲೇ ಕರಗಿತು. ತನುಜಾ ಪಾದವನ್ನು ಎತ್ತಿ ಬಿಟ್ಟು ನೋಡಿ, ನನ್ನನ್ನು ಹೊರಗೆ ಕರೆದರು. ಪಾದ ಜೋಲುತ್ತಿದೆ, ಏಪ್ರಿಲ್ ಪೂರ್ತಿ ಹೀಗೆಯೇ ಆದರೆ ಗಾಲಿಕುರ್ಚಿಯ ಮಾತು ಬರುತ್ತದೆ ಎಂದರು. ಸೀತಾದೇವಿಗೆ ಇದನ್ನು ತಿಳಿಸಿಲ್ಲ. ಆಕೆ ಕೇಳಲೂ ಇಲ್ಲ. ಕೇಳದಿರುವುದು ಸಂದೇಹಾಸ್ಪದ, ಬಾಗಿಲ ಮರೆಯಿಂದ ಕೇಳಿಸಿಕೊಂಡಿರಬಹುದು.

ಏಪ್ರಿಲ್ ೫, ಶನಿವಾರ

ಕೋಮಲಾಳನ್ನು ಕೆಲಸದಿಂದ ಬಿಡಿಸಿದೆ.

ಬೆಳಗ್ಗೆ ಸಂಘದ ಸಭೆಗೆ ಪಕ್ಕದ ಬೀದಿಯ ತೀರ್ಥಪ್ಪ ತಡವಾಗಿ ಬಂದು, ಎಲ್ಲರೆದುರು, "ಏನ್ ಮೇಷ್ಟ್ರೇ, ಕಾವಲಲ್ಲಿ ಸೈಟ್ ಗೀಟ್ ನೋಡ್ತಿದೀರಾ? ನಿಮ್ ಕಾರು ಎಮ್ಮೆದೊಡ್ಡಿ ರಸ್ತೇಲಿ ನಿಂತಿತ್ತು, ಬಾಗ್ಲು ತಕ್ಕೊಂಡು. ಬಸ್ಸಿಂದ ನೋಡ್ದೆ" ಎಂದರು. ಹುಲ್ಲುಗಾವಲಿನ ಎಮ್ಮೆದೊಡ್ಡಿ ಎಲ್ಲಿ, ತರೀಕೆರೆ ಎಲ್ಲಿ! ಸಭೆಯನ್ನು ಅರ್ಧಕ್ಕೇ ಬಿಟ್ಟು ಬಂದು ಗೇಟಿನಲ್ಲಿ ಕಾದೆ.

ಸೀತಾದೇವಿ ದಣಿದಿದ್ದಳು, ಒಳಗೆ ಹೋಗಿ ಮಲಗಿದಳು. ನಾನು ಚಾಲಕಿಯನ್ನು ಗೇಟಿನ ಹೊರಗೇ ನಿಲ್ಲಿಸಿದೆ.

"ಎಮ್ಮೆದೊಡ್ಡಿಯಲ್ಲಿ ನಿನಗೇನು ಕೆಲಸವಿತ್ತು?"

"ಅಮ್ಮನ್ನ ಕೇಳಿ ಸಾರ್."

"ನಾನು ನಿನ್ನನ್ನು ಕೇಳುತ್ತಿದ್ದೇನೆ."

"ನಾನು ಹೇಳಂಗಿಲ್ಲ."

"ಕಾರನ್ನು ನಮಗೆ ತಿಳಿಯದಂತೆ ಬಳಸಿಕೊಳ್ಳುವುದಕ್ಕೆ ಏನೆನ್ನುತ್ತಾರೆ ಗೊತ್ತೇ?"

"ಗೊತ್ತು ಸಾರ್. ಏನಂತಾರೆ ಅಂತ ನೀವು ಹೇಳ್ಬೇಡಿ. ಹೇಳಿದ್ರೆ ಆಮೇಲೆ ನಿಮ್ಗೇ ಕಷ್ಟ." ಬೀಗದ ಕೈಯನ್ನು ಗೇಟಿನ ಕಂಬದ ಮೇಲೆ ಇಟ್ಟಳು. "ಬುಧವಾರ ಬಿಸಿಲು ಜಾಸ್ತಿ ಇರ್ತದೆ. ಅಮ್ಮನಿಗೆ ಬೆಳಿಗ್ಗೆನೇ ಟೈಮ್ ಕೇಳಿ. ಬೆಳಿಗ್ಗೆ ಇದು ಕೈಕೊಡಲ್ಲ."

ಬಸ್ ನಿಲ್ದಾಣದ ಕಡೆ ನಡೆದು ಹೋದಳು. ಕೊನೆಯ ಮಾತು ಎಚ್ಚರಿಕೆಯೋ, ಬೆದರಿಕೆಯೋ? ಬೆಳಗ್ಗೆ ಕೈಕೊಡುವುದಿಲ್ಲವೆಂದು ಆಕೆಗೆ ಅಷ್ಟು ಖಚಿತವಾಗಿ ಗೊತ್ತಿರುವುದು ಹೇಗೆ?

ಏಪ್ರಿಲ್ ೬, ಭಾನುವಾರ

ಸೀತಾದೇವಿ ನಿನ್ನೆ ಸಂಜೆ ಎದ್ದು ಸಂಗತಿ ತಿಳಿದ ಮೇಲೆ ಊಟ ಮಾಡಲಿಲ್ಲ. ಇಂದು ಬೆಳಗ್ಗೆ ಮಂಚದ ಮೇಲೆ ಕುಳಿತೇ ಹೇಳಿದಳು.

"ಎಮ್ಮೆದೊಡ್ಡಿಗೆ ಹೋಗೋಣ ಅಂದದ್ದು ನಾನು. ಪ್ರತಿ ಶನಿವಾರ ನಾನೇ ಅಂದದ್ದು."

"ಏಕೆ?"

"ಕಾವಲಲ್ಲಿ ಅಮೃತಮಹಲ್ ದನ ಮೇಯ್ತವೆ. ಕಾರು ನಿಲ್ಲಿಸಿ ಬಾಗಿಲು ತೆಗೆದು ಕೂತ್ಕೊಂಡು ನೋಡ್ತೀವಿ. ಬೆಳಿಗ್ಗೆ ಗಾಳಿ ತಣ್ಣಗಿರತ್ತೆ. ಕಾಲು ಬಂದ ದಿನ ಕೋಮಲಾ ಕೈ ಹಿಡ್ಕೊಂಡು ಹುಲ್ಲಲ್ಲಿ ಒಂಚೂರು ನಡೀತೀನಿ. ಅಷ್ಟೇ."

"ನನಗೆ ಏಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಯಾಕೆ, ಎಷ್ಟು ಹೊತ್ತು, ಯಾವ ದನ, ಬಿದ್ರೆ ಯಾರು ಹೊಣೆ ಅಂತ ಕೇಳ್ತಿದ್ರಿ. ಕೇಳಿ ಮುಗಿಯೋಷ್ಟರಲ್ಲಿ ಬಿಸಿಲು ಬಂದ್ಬಿಡ್ತಿತ್ತು."

ಇದು ಕೋಮಲಾಳನ್ನು ಉಳಿಸಲು ಆಡಿದ ಮಾತೂ ಆಗಿರಬಹುದು. ಆದರೆ ಸೀರೆಯಂಚಿನ ಮುಳ್ಳುಗಳು ಈ ಹೇಳಿಕೆಗೆ ಹೊಂದುತ್ತವೆ. ಸದ್ಯಕ್ಕೆ ಯಾವ ತೀರ್ಮಾನವನ್ನೂ ಬರೆಯುವುದಿಲ್ಲ. ಬುಧವಾರ ನಾನೇ ಚಾಲನೆ ಮಾಡುತ್ತೇನೆ. ತನುಜಾರಿಗೆ ಅಂದು ಬೆಳಗಿನ ಹೊತ್ತು ಬಿಡುವಿಲ್ಲವಂತೆ.

ಬ್ಯಾಟರಿಯ ತಂತಿಯನ್ನು ನಿನ್ನೆಯಿಂದ ಬಿಚ್ಚುತ್ತಿಲ್ಲ. ಎರಡು ಬೀಗದ ಕೈಗಳೂ ನನ್ನ ಬಳಿಯೇ ಇವೆ, ಯಾರಿಗಾಗಿ ಬಿಚ್ಚುವುದು?

ಏಪ್ರಿಲ್ ೯, ಬುಧವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೀರೂರು ದಾಟಿ ತುಸು ದೂರ ಹೋದ ಮೇಲೆ ಗಾಳಿ ಬಿಸಿಯಾಯಿತು. ಎದುರಿನಿಂದ ಬರುವ ಲಾರಿಗಳ ಗಾಜಿನ ಹೊಳಪಿಗೆ ನನ್ನ ಕಣ್ಣು ಕುಕ್ಕುತ್ತಿತ್ತು. ನಿಧಾನವಾಗಿ ಹೋಗುತ್ತಿದ್ದೆ. ಹಿಂದಿನಿಂದ ಸದ್ದಿಲ್ಲ. "ಸೀತಾ" ಎಂದೆ. ಉತ್ತರವಿಲ್ಲ. ಕನ್ನಡಿಯಲ್ಲಿ ನೋಡಿದರೆ ಆಸನದಲ್ಲಿ ಯಾರೂ ಕಾಣಲಿಲ್ಲ. ಪಕ್ಕಕ್ಕೆ ಜಾರಿ ಬಿದ್ದಿದ್ದಳು.

ಹೊಂಗೆ ಮರದ ಕೆಳಗೆ ನಿಲ್ಲಿಸಿ ಬಾಗಿಲು ತೆರೆದೆ. ಕಣ್ಣು ಬಿಟ್ಟಿದ್ದಳು, ನನ್ನನ್ನು ಕಾಣುತ್ತಿರಲಿಲ್ಲ. "ಎಲ್ಲಾ ಮಂಜು ಮಂಜು ಕಣ್ರೀ" ಎಂದಳು, ನಾಲಿಗೆ ತೊದಲುತ್ತಿತ್ತು. ಎತ್ತಲು ನೋಡಿದೆ. ಆಗಲಿಲ್ಲ. ಕಾಲುಗಳು ನೆನೆದ ಬಟ್ಟೆಯಂತೆ ಜಾರಿದವು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಒದ್ದೆ ಬಟ್ಟೆ, ನೆರಳು, ಗಾಳಿ. ಗೊತ್ತಿದ್ದೂ ಬಾಗಿಲು ಹಿಡಿದು ನಿಂತಿದ್ದೆ.

ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂದಳು. "ಅಮ್ಮನ್ನ ಬೇಯಕ್ ಬಿಟ್ಟು ಏನ್ ನೋಡ್ತಾ ನಿಂತಿದೀರಿ ಸ್ವಾಮಿ? ಸೆರಗು ಒದ್ದೆ ಮಾಡಿ" ಎಂದಳು. ನಾನು ಮಾಡುವ ಮೊದಲೇ ತನ್ನ ಕ್ಯಾನಿನ ನೀರನ್ನು ಸೀತೆಯ ತಲೆಯ ಮೇಲೆ ಸುರಿದಳು, ಅಂಗೈಗಳಿಗೆ ಸುರಿದಳು, ಸೆರಗನ್ನು ನೆನೆಸಿ ಕತ್ತಿಗೆ ಸುತ್ತಿದಳು. "ಬೀಸಿ ಬೀಸಿ" ಎಂದಳು. ನನ್ನ ಅಂಗವಸ್ತ್ರದಿಂದ ಬೀಸಿದೆ. ಬಿಸಿಲು ಇಳಿಯುವವರೆಗೂ ಬೀಸಿದೆ.

ನಡುವೆ ಒಮ್ಮೆ ಸೀತೆ, "ಕೋಮಲಾ ಇದಾಳಾ?" ಎಂದು ಕೇಳಿದಳು.

ಇಲ್ಲ ಎಂದೆ.

ಏಪ್ರಿಲ್ ೧೦, ಗುರುವಾರ

ಸೀತೆಯನ್ನು ನೆರೆಯವರ ವಶಕ್ಕೆ ಬಿಟ್ಟು, ಸೂರ್ಯ ಏರುವ ಮೊದಲೇ ಒಬ್ಬನೇ ತರೀಕೆರೆಗೆ ಕಾರು ಒಯ್ದೆ. ಹೊನ್ನೇಶ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಡ್ಯಾಶ್‌ಬೋರ್ಡ್ ಬಿಚ್ಚು, ಒಂದು ವಾರವಾದರೂ ಸರಿ ಎಂದೆ. ಅವನು ನನ್ನ ಮುಖ ನೋಡಿ, ಈ ಬಾರಿ ಟೀ ಕುಡಿಯಿರಿ ಎನ್ನದೆ ಸ್ಕ್ಯಾನರ್ ಚುಚ್ಚಿದ.

"ಬಂತು ನೋಡಿ" ಎಂದ.

ತೆರೆಯ ಮೇಲೆ ಒಂದು ಸಂಖ್ಯೆಯಿತ್ತು. ಒಳಗಿನ ಚಳಿಯನ್ನು ಅಳೆಯುವ ಸೆನ್ಸರಿನ ತಂತಿ ತುಂಡಾಗಿದೆ ಎಂದು ಅದರರ್ಥ. ಆ ತಂತಿಯನ್ನು ಹಿಡಿದು ಹೋಗಿ, ಎಡಗಡೆಯ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಅಂಟಂಟಾದ ಕಪ್ಪು ಟೇಪಿನ ಗಂಟೊಂದನ್ನು ಎಳೆದ. ಗಂಟಿನಿಂದ ಇನ್ನೊಂದು ತಂತಿ ಹೊರಟು ಅರ್ಧಕ್ಕೆ ಕತ್ತರಿಸಿ ನಿಂತಿತ್ತು.

"ದೇವ್ರ ಲೈಟು ಮೇಷ್ಟ್ರೇ. ಮುಂದೆ ಗಣಪ್ಪನೋ ಯಾರೋ ಕೂತಿದ್ದ. ಅವನ ತಲೆ ಹಿಂದಿನ ದೀಪಕ್ಕೆ ಇಲ್ಲಿಂದ ಅರ್ತ್ ವೈರ್ ಎಳ್ದವ್ರೆ. ಕಾರ್ ಮಾರುವಾಗ ದೇವ್ರನ್ನ ಯಾರೂ ಕೊಡಲ್ಲ, ಕಿತ್ಕೊಂಡೋಗ್ತಾರೆ. ವೈರ್ ಇಲ್ಲೇ ಬಿಟ್ಟೋದ್ರು. ಮಧ್ಯಾಹ್ನದ ಬಿಸ್ಲಿಗೆ ಟೇಪು ಇಳೀತದೆ, ಗಂಟು ಸಡ್ಲ ಆಯ್ತದೆ. ಬೆಳಿಗ್ಗೆ ಗಟ್ಟಿಯಾಗಿ ಕೂತ್ಕಂತದೆ."

"ತಂತಿ ಸಡಿಲವಾದರೆ ತಂಪು ಏಕೆ ನಿಲ್ಲಬೇಕು?"

"ಸುದ್ದಿ ಬರ್ದಿದ್ರೆ ಪೆಟ್ಟಿಗೆ ತಪ್ ತಿಳ್ಕಂತದೆ. ಒಳಗೆಲ್ಲಾ ಐಸ್ ಕಟ್ಬಿಟ್ಟೈತೆ ಅಂತ ಅನ್ಕಂಡು ಕಂಪ್ರೆಸರ್ ನಿಲ್ಲಿಸ್ಬಿಡ್ತದೆ. ಕಾರ್ ಕಾಪಾಡಕೆ."

ಜನ ಬೇಯುತ್ತಿರುವಾಗ ಮಂಜುಗಡ್ಡೆಯ ಭಯದಿಂದ ತಂಪನ್ನು ತಡೆಯುವ ಪೆಟ್ಟಿಗೆ. ಇಂಥ ಮೂರ್ಖ ಉಪಕರಣವನ್ನು ಯಾರು ನಿರ್ಮಿಸಿದರೋ ತಿಳಿಯದು.

ಗಂಟನ್ನು ಕತ್ತರಿಸಿ, ತಂತಿಯನ್ನು ಬೆಸುಗೆ ಹಾಕುತ್ತಾ ಹೊನ್ನೇಶ ತನ್ನಷ್ಟಕ್ಕೇ ಗೊಣಗಿದ. "ಅವತ್ತು ಎರಡ್ ಸಲ ಚುಚ್ಚಿದ್ರೂ ಯಾಕ್ ತೋರಿಸ್ಲಿಲ್ಲ ಇದು? ಬ್ಯಾಟರಿ ವೈರ್ ಬಿಚ್ಚಿದ್ರೆ ಮಾತ್ರ ಈ ಮಾಡಲ್ದು ನೆನಪು ಅಳ್ಸೋಗೋದು. ಗಡಿಯಾರ ಹನ್ನೆರಡಕ್ಕೆ ಬತ್ತದೆ ಅಂತಿದ್ಲಲ್ಲ ಡ್ರೈವರಮ್ಮ. ಅವಳೇ ಬಿಚ್ತಿದ್ಲೋ ಏನೋ. ಕೇಳಿದ್ರಾ?"

ಹೌದು ಎಂದು ತಲೆಯಾಡಿಸಿದ್ದರೆ ಸಂಗತಿ ಅಲ್ಲಿಗೆ ಮುಗಿಯುತ್ತಿತ್ತು.

"ಬಿಚ್ಚುತ್ತಿದ್ದವನು ನಾನು" ಎಂದೆ.

"ನೀವಾ? ಯಾಕೆ?"

"ಕಾರನ್ನು ಯಾರಾದರೂ ಒಯ್ದಾರೆಂದು."

ಹೊನ್ನೇಶ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ನಗತೊಡಗಿದ. "ಬೋರ್ಡ್ ನೀವೇ ಒರೆಸ್ಬಿಟ್ಟು, ನಾನು ಲೆಕ್ಕ ಮಾಡಿಲ್ಲ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ರಲ್ಲ ಮೇಷ್ಟ್ರೇ ನನ್ನ."

ಮಧ್ಯಾಹ್ನದವರೆಗೆ ಬೇಕೆಂದೇ ಅಲ್ಲಿ ಉಳಿದು, ಉರಿಬಿಸಿಲಿನಲ್ಲಿ ಹಿಂದಿರುಗಿದೆ. ಕಡೂರಿನವರೆಗೂ ತಂಪಾಗಿತ್ತು. ಅದನ್ನು ಅನುಭವಿಸಲು ಕಾರಿನಲ್ಲಿ ನಾನೊಬ್ಬನೇ ಇದ್ದೆ.

ಏಪ್ರಿಲ್ ೧೧, ಶುಕ್ರವಾರ

ಸೀತೆಯ ಬಲಗಾಲು ಮರಳಿದೆ. ಎಡಪಾದ ಎತ್ತಿದರೆ ಏಳುವುದಿಲ್ಲ. ತನುಜಾರು ಫೋನಿನಲ್ಲಿ, ನಾಳೆ ಬೇಡ, ಬುಧವಾರದಿಂದ ಮತ್ತೆ ಶುರು ಮಾಡೋಣ, ಇನ್ನು ಒಂದೂ ತಪ್ಪಬಾರದು ಎಂದರು. ನಾನು ಚಾಲನೆ ಮಾಡುವುದು ಬೇಡವೆಂದೂ ಹೇಳಿದರು. ಆ ವಿಷಯ ಅವರಿಗೆ ಯಾರು ತಿಳಿಸಿದರು?

ಏಪ್ರಿಲ್ ೧೩, ಭಾನುವಾರ

ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋದೆ. ಕೋಮಲಾಳ ಮನೆಯಲ್ಲಿ ನಾಳೆಯ ಏಪ್ರಿಲ್ ಹದಿನಾಲ್ಕರ ಜಯಂತಿಗೆ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಬುದ್ಧನ ಚಿತ್ರಪಟವನ್ನು ಇಳಿಸಿ, ಒರೆಸಿ, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಆಕೆಯ ತಾಯಿ ಹುಲಿಯಮ್ಮ ಬ್ರಷ್ ಹಿಡಿದೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಾರಿನ್ ಮೇಷ್ಟ್ರು ನೀವೇನಾ?"

ಹೌದೆಂದೆ.

"ಕೂತ್ಕಳಿ. ಕುರ್ಚಿ ಎಷ್ಟವೆ ಅಂತ ಎಣಿಸ್ಕಂಡೇ ಕೂತ್ಕಳಿ, ಹೋಗುವಾಗ ನಾವೂ ಎಣಿಸ್ಕಂತೀವಿ."

ಕುಳಿತೆ. ಕೋಮಲಾ ಹಿತ್ತಿಲಿನಿಂದ ಕೈಯ ಸುಣ್ಣ ತೊಳೆದುಕೊಂಡು ಬಂದಳು. ಬರುವ ಮೊದಲು ಬಸ್ಸಿನಲ್ಲಿ ನಾಲ್ಕು ವಾಕ್ಯಗಳನ್ನು ಕ್ರಮವಾಗಿ ರಚಿಸಿಕೊಂಡಿದ್ದೆ. ಮೊದಲನೆಯದೇ ಬಾಯಿಗೆ ಬರಲಿಲ್ಲ.

"ಬ್ಯಾಟರಿಯ ತಂತಿಯನ್ನು ನಾನು ಬಿಚ್ಚುತ್ತಿದ್ದೆ" ಎಂದೆ.

"ಗೊತ್ತು ಸಾರ್."

"ಯಾವಾಗಿನಿಂದ?"

"ಗಡಿಯಾರ ನೋಡ್ದಾಗಿಂದ. ನಟ್ಟಿನ ಮೇಲೆ ದಿನಾ ಹೊಸಾ ಗೀರು ಬೀಳ್ತಿತ್ತು."

"ಹೇಳಲಿಲ್ಲವೇಕೆ?"

"ಹೊನ್ನೇಶಣ್ಣನ ಅಂಗಡೀಲಿ ಬಾಯ್ ತೆಗೆದೆ. ನೀವು ಮುಚ್ಚಿಸಿದ್ರಿ. ಮೆಮೊರಿ ಅಳ್ಸೋಗ್ತದೆ ಅಂತ ನನ್ಗೂ ಗೊತ್ತಿರ್ಲಿಲ್ಲ ಬಿಡಿ. ನಿಮ್ಗೆ ನನ್ ಮೇಲೆ ನಂಬಿಕೆ ಇಲ್ಲ ಅನ್ನೋದಷ್ಟೇ ಗೊತ್ತಿತ್ತು."

"ಅಷ್ಟಾದರೂ ನೀನು ಬರುತ್ತಿದ್ದೆ."

"ಅಮ್ಮನಿಗೋಸ್ಕರ ಬತ್ತಿದ್ದೆ."

ದೋಷ ಸಿಕ್ಕಿತು, ಸರಿಯಾಯಿತು, ಬುಧವಾರ ಬರಬೇಕು ಎಂದೆ. ದಯವಿಟ್ಟು ಎಂಬ ಪದವನ್ನೂ ಸೇರಿಸಿದೆ. ಹುಲಿಯಮ್ಮ ಒಳಗಿನಿಂದ, "ಹೋಗ್ಬ್ಯಾಡ ಕಣೇ, ನಾಳೆ ಇನ್ನೇನ್ ಕಳ್ದೋಯ್ತು ಅಂತಾರೋ" ಎಂದರು.

"ಬತ್ತೀನಿ ಸಾರ್. ಆದ್ರೆ ಬುಧವಾರನೂ ನೀವು ಬರ್ಬೇಡಿ" ಎಂದಳು ಕೋಮಲಾ.

"ಏಕೆ?"

"ನೀವಿದ್ರೆ ಅಮ್ಮ ಮಾತಾಡಲ್ಲ. ಕಾಲು ಸೋಲ್ತಿದ್ರೂ ಹೇಳಲ್ಲ. ನೀವು ಮುಂದೆ ಕೂತು ಬರೀ ಎ.ಸಿ. ನೋಡ್ತಿರ್ತೀರಿ. ನಾನೊಬ್ಳೇ ಇದ್ರೆ, ಏನೇ ಕಾಲು ಹೋಯ್ತು ನಿಲ್ಸೇ ಅಂತಾರೆ, ನಿಲ್ಲಿಸ್ತೀನಿ."

ಬಸ್ಸಿನಲ್ಲಿ ಹಿಂದಿರುಗುವಾಗ ಈ ಹೇಳಿಕೆಯನ್ನು ಪರಿಶೀಲಿಸಿದೆ. ಬುಧವಾರಗಳಂದು ಬೀರೂರಿನಿಂದ ತರೀಕೆರೆಯವರೆಗೆ ಸೀತೆ ಆಡಿದ ಮಾತುಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಒಂದೂ ನೆನಪಿಗೆ ಬರಲಿಲ್ಲ. ನನ್ನ ನೆನಪಿನ ಶಕ್ತಿ ಕುಂದಿರಬಹುದು.

ಏಪ್ರಿಲ್ ೧೬, ಬುಧವಾರ

ಊಟವಾದ ಕೂಡಲೇ ಹೊರಟರು. ಕಾರು ಬೀದಿಯ ತಿರುವು ದಾಟುವವರೆಗೂ ನಿಂತು ನೋಡಿದೆ. ಇಬ್ಬರ ತಲೆಗಳೂ ಅಲ್ಲಾಡುತ್ತಿದ್ದವು. ಹೊರಟ ಕ್ಷಣದಿಂದಲೇ ಮಾತು.

ಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ. ವೃತ್ತಪತ್ರಿಕೆಯಲ್ಲಿ ತಪ್ಪುಗಳನ್ನು ಹುಡುಕಲು ಕುಳಿತೆ, ಅಕ್ಷರಗಳು ನಿಲ್ಲಲಿಲ್ಲ. ಬರಬೇಕಾದ ಹೊತ್ತು ಮೀರಿತು. ಬೆಸುಗೆ ಬಿಟ್ಟಿತೇ, ಹೊನ್ನೇಶ ಸರಿಯಾಗಿ ಹಾಕಿದನೇ, ಸೀತೆ ಮತ್ತೆ ಜಾರಿ ಬಿದ್ದಳೇ? ಫೋನನ್ನು ಕೈಗೆತ್ತಿಕೊಂಡೆ. ಫೋನು ಮಾಡಿದರೆ ಕೋಮಲಾ ಕಾರು ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಬಿಸಿಲು. ಕೆಳಗಿಟ್ಟೆ. ಗೇಟಿನ ಬಳಿ ಹೋಗಿ ಬಂದೆ. ತೀರ್ಥಪ್ಪ ಬೀದಿಯಲ್ಲಿ ಹೋಗುತ್ತಾ, "ಏನ್ ಮೇಷ್ಟ್ರೇ, ಕಾರ್ ಇವತ್ತೆಲ್ಲಿ ಮೇಯಕ್ ಹೋಗೈತೆ?" ಎಂದರು. ಗೊತ್ತಿಲ್ಲ ಎಂದೆ. ಅವರು ಇನ್ನೂ ಏನನ್ನೋ ನಿರೀಕ್ಷಿಸಿ ನಿಂತಿದ್ದರು.

ಬಿಸಿಲು ಹಳದಿಗೆ ತಿರುಗಿದ ಮೇಲೆ ಕಾರು ಬಂತು. ಸೀತೆ ಇಳಿದಳು. ತನುಜಾ ಕೊಟ್ಟ ಹೊಸ ಕೋಲು ಕೈಯಲ್ಲಿತ್ತು, ಎಡಪಾದಕ್ಕೆ ಪಟ್ಟಿ ಬಿಗಿದಿತ್ತು. ಗೇಟಿನಿಂದ ಜಗಲಿಯವರೆಗೆ ತಾನೇ ನಡೆದಳು. ಕೋಮಲಾ ಹಿಂದೆಯೇ ಕೈ ಚಾಚಿಕೊಂಡು ಬಂದಳು, ಮುಟ್ಟಲಿಲ್ಲ. ಪಾದ ಎಳೆಯುತ್ತಿತ್ತು. ಕಳೆದ ತಿಂಗಳ ಮೊದಲಲ್ಲಿ ಎಳೆಯುತ್ತಿರಲಿಲ್ಲ. ಇದನ್ನು ಬರೆದಿಡುವುದು ನನ್ನ ಕರ್ತವ್ಯ.

ಎಲ್ಲಿ ಹೋಗಿದ್ದಿರಿ ಎಂದು ಕೇಳಲು ಬಾಯಿ ತೆರೆದೆ. ಆದರೆ ಸೀತೆ ಅದಾಗಲೇ ಯಾವುದೋ ಮಾತಿನ ನಡುವೆ ಇದ್ದಳು. ಉದ್ದ ಕೊಂಬಿನ ಹಸುವೊಂದು ರಸ್ತೆಗೆ ಅಡ್ಡ ನಿಂತದ್ದು, ಹಾರ್ನ್ ಮಾಡಿದರೂ ಜಗ್ಗದೆ ಕಿಟಕಿಯ ಗಾಜನ್ನು ನೆಕ್ಕಿದ್ದು. ನನ್ನನ್ನು ಕಂಡೂ ಮಾತು ನಿಲ್ಲಿಸಲಿಲ್ಲ. "ಇಷ್ಟುದ್ದ ನಾಲಿಗೆ ಕಣ್ರೀ" ಎಂದು ನನಗೇ ತೋರಿಸಿದಳು. ನಡುವೆ ಮಾತು ಸೇರಿಸಲು ಅವಕಾಶವಿರದ ಕಾರಣ ಒಳಗೆ ಹೋಗಿ ಕಾಫಿ ಮಾಡಿದೆ. ಮೂರು ಲೋಟಗಳಿಗೆ ಹಾಕಿ ತಂದೆ.

ಕೋಮಲಾ ಜಗಲಿಯ ಮೇಲೆ ಸೀತೆಯ ಪಕ್ಕದಲ್ಲಿ ಕುಳಿತು ಒಂದು ಗುಟುಕು ಕುಡಿದು, "ಸಾರ್, ಸಕ್ಕರೆ ಹಾಕಿಲ್ಲ" ಎಂದಳು.

ಹಾಕಿದ್ದೇನೆ ಎಂಬುದು ನನಗೆ ಖಚಿತವಾಗಿತ್ತು. ಆಕೆ ನನ್ನನ್ನು ಗೇಲಿ ಮಾಡುತ್ತಿದ್ದಾಳೆಂದು ಸಂದೇಹ ಬಂದು ನನ್ನ ಲೋಟದಿಂದ ಕುಡಿದು ನೋಡಿದೆ. ಸಕ್ಕರೆ ಇರಲಿಲ್ಲ. ಡಬ್ಬಿಯನ್ನು ತರಲು ಒಳಗೆ ಹೋದೆ.